ಒಂದು ದಿನದ ಚಂದಾ, ವರ್ಷಗಟ್ಟಲೆ ಮಾತ್ರೆ
(ಜುಮಾ ಖುತ್ಬಾದ ಸಾರಾಂಶ)

ಸಹೋದರರೇ, ಮೂತ್ರಪಿಂಡ ಕಸಿಗೆಂದು ಮಸೀದಿಯ ಬಾಗಿಲಲ್ಲಿ ನಾವು ಶಾಲು ಹಾಸಿದರೆ, ಅಲ್‌ಹಮ್ದುಲಿಲ್ಲಾಹ್, ತುಂಬುತ್ತದೆ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಮರೆಯುತ್ತೇವೆ. ಆದರೆ ದೇಹ ಆ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಮಾತ್ರೆಯನ್ನು ಅದು ಕೆಲಸ ಮಾಡುವಷ್ಟು ಕಾಲವೂ ನುಂಗಬೇಕು. ಹಣವಿಲ್ಲದೆ ನಿಲ್ಲಿಸಿದರೆ ಮೂತ್ರಪಿಂಡ ಕೊಟ್ಟ ತಾಯಿಯ ತ್ಯಾಗವೂ ವ್ಯರ್ಥ. ಅರ್ಹ ಬಡ ರೋಗಿಯ ಕೈಗೆ ಝಕಾತ್ ಕೊಡಬಹುದು. ಈ ಮಾತ್ರೆಗಳೂ ಸಂಶೋಧನೆಯ ಫಲವೇ. ಅದಕ್ಕೆ ಸದಕಾ ಕೊಡೋಣ.

ಅಂಗದಾನದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ನಾವು ಮರೆಮಾಚುವುದಿಲ್ಲ. 1988ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಷರತ್ತುಗಳೊಂದಿಗೆ ಅನುಮತಿಸಿತು, ಅಂಗ ಮಾರಾಟವನ್ನು ನಿಷೇಧಿಸಿತು. ಕರಾಚಿಯ ಅಬ್ದುಲ್ ಸತ್ತಾರ್ ಈಧಿ 2016ರಲ್ಲಿ ಮೂತ್ರಪಿಂಡ ವೈಫಲ್ಯದಿಂದ ತೀರಿಕೊಂಡಾಗ ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು.

ಇಂದು ಶಾಲು ಹಾಸುವುದಿಲ್ಲ. ತಿಂಗಳಿಗೊಮ್ಮೆ ಕೊಡಬಲ್ಲವರು ನಮಾಝಿನ ಬಳಿಕ ಹೆಸರು ಬರೆಸಿರಿ.