ನೆಲ ಕೊಟ್ಟ ಮೇಲೆ

ಊರು ಬಿಡುವುದೆಂದರೆ ಏನೆಂಬುದನ್ನು ಹೊಸಪೇಟೆಯ ಸೀಮೆಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ಹಿಂದೆ ನೀರು ನಿಂತಾಗ ನಾರಾಯಣದೇವರಕೆರೆ ಮುಳುಗಿತು. ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸದಾಗಿ ಮನೆ ಹೂಡಿದರು. ಊರು ಹೋಯಿತು, ನಿಜ. ಆದರೆ ಆಡುವ ಮಾತು ಉಳಿಯಿತು, ನೆಂಟರಿಷ್ಟರು ಉಳಿದರು. ಈ ನಾಡಿನವರು ಹೌದೋ ಅಲ್ಲವೋ ಎಂದು ಅವರನ್ನು ಯಾರೂ ಕೇಳಲಿಲ್ಲ.

ಅದೇ ಅಣೆಕಟ್ಟಿನ ಎಡದಂಡೆ ಕಾಲುವೆ ಸಿಂಧನೂರಿನ ಹೊಲಗಳಿಗೆ ನೀರುಣಿಸುತ್ತದೆ. ಆ ನೀರಿನ ಆಸರೆಗೆ ೧೯೭೦ರ ದಶಕದ ಆರಂಭದಲ್ಲಿ ಮತ್ತೊಂದು ಬಗೆಯ ಜನ ಬಂದರು. ಇವರು ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಬಿಟ್ಟು ಬಂದ ಬಂಗಾಳಿಗಳು. ನೂರಾರು ಕುಟುಂಬಗಳು. ಸರ್ಕಾರ ಕುಟುಂಬಕ್ಕೆ ೫ ಎಕರೆಯಂತೆ ಜಮೀನು ಕೊಟ್ಟು ನೆಲೆಗೊಳಿಸಿತು. ಅವರ ಊರುಗಳನ್ನು ಸುತ್ತಿನವರು ‘ಆರ್. ಎಚ್. ಕ್ಯಾಂಪು’ ಎಂದೇ ಕರೆಯುತ್ತಾರೆ.

ಇದು ಸಣ್ಣ ಉಪಕಾರವಲ್ಲ. ಗಂಜಿ ಒಂದು ಹೊತ್ತಿಗೆ, ನೆಲ ತಲೆಮಾರಿಗೆ. ಆದರೂ ನೆಲದಿಂದಲೇ ಎಲ್ಲವೂ ಆಗುವುದಿಲ್ಲ. ಐದು ಎಕರೆಯನ್ನು ಮಕ್ಕಳು, ಮೊಮ್ಮಕ್ಕಳು ಹಂಚಿಕೊಂಡರೆ ಉಳಿಯುವುದೆಷ್ಟು? ಆಗ ಓದು ಬೇಕು, ನೌಕರಿ ಬೇಕು. ಅವೆರಡಕ್ಕೂ ಕಾಗದ ಬೇಕು. ಇವರಲ್ಲಿ ಬಹುಮಂದಿ ನಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿಗೆ ಸೇರಿದವರು. ಆದರೆ ಆ ಪಟ್ಟಿ ರಾಜ್ಯಕ್ಕೊಂದು ಬಗೆ. ಹೀಗಾಗಿ ಅಲ್ಲಿ ಸಲ್ಲುವ ಸವಲತ್ತನ್ನು ಇಲ್ಲಿ ಬಹುಕಾಲ ಬೇಡುತ್ತಲೇ ಇರಬೇಕಾಯಿತು. ಪೌರತ್ವದ ಪತ್ರ ಇಲ್ಲಿಯ ಕೆಲವರ ಕೈಸೇರಿದ್ದು ೨೦೨೪ರಲ್ಲಿ.

ಹೀಗೇಕೆ? ನಿರಾಶ್ರಿತರಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ವಿಶ್ವಸಂಸ್ಥೆಯ ೧೯೫೧ರ ಒಡಂಬಡಿಕೆಗೂ ಭಾರತ ಸಹಿ ಹಾಕಿಲ್ಲ. ಆದ್ದರಿಂದ ಒಂದೊಂದು ಗುಂಪಿಗೆ ಒಂದೊಂದು ಬಗೆಯ ಆಶ್ರಯ. ೧೯೬೦ರಿಂದ ಬೈಲುಕುಪ್ಪೆಯಲ್ಲಿ ನೆಲೆಸಿದ ಟಿಬೆಟಿನವರಿಗೂ ಮೈಸೂರು ಸರ್ಕಾರ ಭೂಮಿ ಕೊಟ್ಟಿತು. ಅವರಿಗೆ ಯಾವ ಯಾವ ಸೌಲಭ್ಯ ಸಲ್ಲಬೇಕೆಂದು ಕೇಂದ್ರ ಸರ್ಕಾರ ಒಂದು ನೀತಿಯನ್ನೇ ಬರೆದದ್ದು ೨೦೧೪ರಲ್ಲಿ.

ಬಂದವರಿಗೆ ಅನ್ನವಿಡುವುದು ನಮ್ಮ ನಾಡಿನ ಹಳೆಯ ವಾಡಿಕೆ. ಆದರೆ ಅತಿಥಿಯಾಗಿ ಯಾರೂ ಐವತ್ತು ವರ್ಷ ಬಾಳಲಾರರು. ಇಲ್ಲೇ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ತುಂಗಭದ್ರೆಯ ನೀರಿನಲ್ಲಿ ಬತ್ತ ಬೆಳೆಯುವವನನ್ನು ‘ಕ್ಯಾಂಪಿನವನು’ ಎಂದು ಎಷ್ಟು ಕಾಲ ಕರೆಯೋಣ? ನೆಲ ಕೊಟ್ಟದ್ದು ದಯೆ. ದಯೆಯನ್ನು ಹಕ್ಕಾಗಿ ಮಾಡಿಕೊಟ್ಟಾಗಲೇ ಆ ಕೆಲಸ ಪೂರ್ತಿಯಾಗುತ್ತದೆ.