ಎಲ್ಲರ ಕೈಯನ್ನೂ ಅಳೆಯಬೇಕು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಐವತ್ತು ವರ್ಷ ತುಂಬಿದ ನಮ್ಮ ಶಾಲೆಗೆ ಮೊದಲ ನಮಸ್ಕಾರ. ನನ್ನ ಕೆಲಸದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ನನ್ನದು ಕೈ ನೋಡುವ ಕೆಲಸ. ಆದರೆ ಭವಿಷ್ಯ ಹೇಳುವವನಲ್ಲ! ತಂತ್ರಾಂಶದ ನೆರವಿನಿಂದ ಜನರ ಕೈಗಳ ಅಳತೆ ತೆಗೆದು, ಕತ್ತರಿ, ಕುಡುಗೋಲು, ಯಂತ್ರಗಳ ಹಿಡಿಕೆ ಹೇಗಿರಬೇಕೆಂದು ನಿರ್ಧರಿಸುವ ತಂಡದಲ್ಲಿದ್ದೇನೆ.

ಕೈಗೂ ಅಳತೆಗೂ ಹಳೆಯ ನಂಟು. ಗೇಣು, ಹಿಡಿ, ಬೊಗಸೆ, ಬೆರಳಗಲ ಎಲ್ಲವೂ ಕೈಯಿಂದ ಹುಟ್ಟಿದವು. ಹೂ ಮಾರುವವರು ಇಂದಿಗೂ ಮೊಳ ಹಾಕುತ್ತಾರೆ. ಹಿಂದೆ ಊರಿನ ಬಡಿಗ ಕೇಳಿದವರ ಕೈ ನೋಡಿ ಹಿಡಿಕೆ ಹಾಕಿಕೊಡುತ್ತಿದ್ದ. ಈಗ ಒಂದೇ ಅಚ್ಚಿನಿಂದ ಸಾವಿರಾರು ಹಿಡಿಕೆಗಳು ಹೊರಬರುತ್ತವೆ. ಆ ಅಚ್ಚು ಯಾರ ಕೈಗೆ ತಕ್ಕದ್ದು ಎಂಬುದೇ ಪ್ರಶ್ನೆ. ದ್ರಾಕ್ಷಿ ಕೊಯ್ಯುವ ಕತ್ತರಿಯ ಹಿಡಿಕೆಗಳು ಅತಿ ಅಗಲಕ್ಕೆ ತೆರೆದುಕೊಂಡರೆ, ಸಣ್ಣ ಕೈಯವರು ಬೆರಳ ತುದಿಯಿಂದಲೇ ಅದನ್ನು ಅದುಮಬೇಕು. ದಿನವಿಡೀ ಹಾಗೆ ಅದುಮಿದರೆ ಸಂಜೆಗೆ ಹೆಬ್ಬೆರಳ ಬುಡ ನೋಯುತ್ತದೆ.

ಮೊದಲು ಕ್ಯಾಲಿಪರ್ ಹಿಡಿದು ಒಬ್ಬೊಬ್ಬರ ಕೈಯನ್ನೇ ಅಳೆಯಬೇಕಿತ್ತು. ಈಗ ಒಂದು ಫೋಟೋ ಸಾಕು ಎನ್ನುತ್ತಾರೆ. ಗೂಗಲ್ 2019ರಲ್ಲಿ ಹೊರತಂದ ಮೀಡಿಯಾಪೈಪ್ ಹ್ಯಾಂಡ್ಸ್ ಎಂಬ ತಂತ್ರಾಂಶ ಕೈಯಲ್ಲಿ 21 ಬಿಂದುಗಳನ್ನು ಗುರುತಿಸುತ್ತದೆ: ಪ್ರತಿ ಬೆರಳಿಗೆ ನಾಲ್ಕು, ಮಣಿಕಟ್ಟಿಗೆ ಒಂದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟಿದ್ದರೆ ಬಿಂದುಗಳ ನಡುವಿನ ದೂರವನ್ನು ಮಿಲಿಮೀಟರಿನಲ್ಲಿ ಲೆಕ್ಕ ಹಾಕಬಹುದು.

ಆದರೆ ಇಲ್ಲಿ ನೀವು ಓದುವ ರೇಖಾಗಣಿತ ನೆನಪಿರಬೇಕು. ಅಳತೆಪಟ್ಟಿ ಮೇಜಿನ ಮೇಲಿದೆ, ಕ್ಯಾಮೆರಾ 50 ಸೆಂ.ಮೀ. ಎತ್ತರದಲ್ಲಿದೆ, ಕೈಯ ಮೇಲ್ಭಾಗ ಮೇಜಿನಿಂದ 2.5 ಸೆಂ.ಮೀ. ಮೇಲಿದೆ ಎನ್ನಿ. ಕ್ಯಾಮೆರಾಕ್ಕೆ ಹತ್ತಿರವಿರುವ ಕೈ ದೊಡ್ಡದಾಗಿ ಕಾಣುತ್ತದೆ, 18 ಸೆಂ.ಮೀ. ಉದ್ದ ಸುಮಾರು 19 ಆಗಿಬಿಡುತ್ತದೆ. ಕ್ಯಾಮೆರಾವನ್ನು 2 ಮೀಟರ್ ಎತ್ತರಕ್ಕೆ ಒಯ್ದರೆ ತಪ್ಪು ಎರಡು ಮಿಲಿಮೀಟರಿನಷ್ಟಕ್ಕೆ ಇಳಿಯುತ್ತದೆ. ಇನ್ನೊಂದು ಮಾತು: ಆ ಬಿಂದುಗಳು ಕೀಲುಗಳ ಜಾಗವನ್ನು ಹೇಳುತ್ತವೆ, ಬೆರಳಿನ ದಪ್ಪವನ್ನಲ್ಲ.

ಅಳತೆ ಸರಿಯಾಗಿ ಬಂತು. ಇನ್ನು ಸರಾಸರಿ ತೆಗೆದರೆ ಮುಗಿಯಿತೇ? ಇಲ್ಲ. 1950ರಲ್ಲಿ ಅಮೆರಿಕದ ವಾಯುಪಡೆಯ 4,063 ಪೈಲಟ್‌ಗಳ ಅಳತೆ ತೆಗೆಯಲಾಯಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಸಂಶೋಧಕರು ದೇಹದ 10 ಅಳತೆಗಳನ್ನು ಆರಿಸಿ ನೋಡಿದರು. ಹತ್ತರಲ್ಲೂ ಸರಾಸರಿಗೆ ಹತ್ತಿರವಿದ್ದವರು ಒಬ್ಬರೂ ಸಿಗಲಿಲ್ಲ. ಆದ್ದರಿಂದ ನಾವು ಜನರನ್ನು ಕೈಯ ಅಳತೆಯ ಪ್ರಕಾರ ಸಾಲಾಗಿ ನಿಲ್ಲಿಸಿ ಸಾಲಿನ ತುದಿಗಳನ್ನು ನೋಡುತ್ತೇವೆ. ಬೆರಳು ಎಟುಕಬೇಕಾದ ಗುಂಡಿಗೆ ಸಣ್ಣ ಕೈ ಆಧಾರ. ಕೈ ತೂರಬೇಕಾದ ಕಿಂಡಿಗೆ ದೊಡ್ಡ ಕೈ ಆಧಾರ. ಮೇವು ಕತ್ತರಿಸುವ ಯಂತ್ರದ ಜಾಲರಿಯಲ್ಲಂತೂ ಮಗುವಿನ ಬೆರಳೂ ತೂರಬಾರದು.

ನಮ್ಮ ದೇಶದವರ ಅಳತೆಗಳೂ ಸಿಗುತ್ತವೆ. ದೇಬಕುಮಾರ್ ಚಕ್ರಬರ್ತಿಯವರ ಅಳತೆಗಳ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿತು. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ಕೃಷಿ ಕಾರ್ಮಿಕರ, ಹೆಣ್ಣುಮಕ್ಕಳದ್ದೂ ಸೇರಿ, ಅಳತೆಗಳನ್ನು ಸಂಗ್ರಹಿಸಿದೆ.

ಈಗ ಮುಖ್ಯ ಮಾತು. ಬೆರಳು ನೇರ ಮಾಡಿ, ಅಂಗೈ ಅಗಲಿಸಿ ಎಂದು ತಂತ್ರಾಂಶ ಕೇಳುತ್ತದೆ. ನಲವತ್ತು ವರ್ಷ ಕಳೆ ಕಿತ್ತ ಅಜ್ಜಿಯ ಬೆರಳು ಪೂರ್ತಿ ನೇರವಾಗುವುದಿಲ್ಲ. ಗಾಯದಲ್ಲಿ ಬೆರಳಿನ ತುದಿ ಕಳೆದುಕೊಂಡವರೂ ಇದ್ದಾರೆ. ಅಂಥ ಫೋಟೋ ಸರಿಯಿಲ್ಲವೆಂದು ಪಕ್ಕಕ್ಕೆ ಹಾಕುವುದು ಬಹಳ ಸುಲಭ. ಹಾಗೆ ಮಾಡಿದರೆ ಪಟ್ಟಿಯಲ್ಲಿ ಉಳಿಯುವುದು ದುಡಿದು ಸವೆಯದ ಕೈಗಳು ಮಾತ್ರ. ಕುಡುಗೋಲಿನ ಹಿಡಿಕೆ ಮಾಡುವುದು ಯಾರಿಗಾಗಿಯೋ ಅವರೇ ಲೆಕ್ಕದಿಂದ ಹೊರಗೆ! ಅದಕ್ಕೇ ನಮ್ಮ ತಂಡ ಅಂಥವರನ್ನು ಕೈಬಿಡುವುದಿಲ್ಲ. ಕ್ಯಾಲಿಪರ್ ಹಿಡಿದು ಅಳೆಯುತ್ತೇವೆ. ಮರದ ಶಂಕುವಿನ ಸುತ್ತ ಕೈ ಹಿಡಿಸಿ, ಹೆಬ್ಬೆರಳು ಮತ್ತು ನಡುಬೆರಳು ಎಲ್ಲಿ ಒಂದಕ್ಕೊಂದು ಮುಟ್ಟುತ್ತವೆ ಎಂದು ನೋಡುತ್ತೇವೆ. ಸಮಯ ಹೆಚ್ಚು ಬೇಕು, ನಿಜ. ಆ ಸಮಯ ಕೊಡಲೇಬೇಕು.

ಮಕ್ಕಳೇ, ಇದನ್ನು ನೀವೂ ಮಾಡಬಹುದು. ಗ್ರಾಫ್ ಹಾಳೆಯ ಮೇಲೆ ಅಂಗೈ ಇಟ್ಟು ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಿರಿ. ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಅಳೆಯಿರಿ. ಇಡೀ ತರಗತಿಯ ಅಳತೆಗಳನ್ನು ಏರಿಕೆ ಕ್ರಮದಲ್ಲಿ ಬರೆಯಿರಿ. ಮನೆಗೆ ಹೋಗಿ ಅಮ್ಮನ, ಅಜ್ಜಿಯ ಕೈಯನ್ನೂ ಅಳೆದು, ಅವರು ಹಿಡಿಯುವ ಉಪಕರಣದ ಹಿಡಿಕೆಯ ಪಕ್ಕದಲ್ಲಿಟ್ಟು ನೋಡಿ. ಎಲ್ಲಿ ನೋಯುತ್ತದೆ ಎಂದು ಕೇಳಿ ಅದನ್ನೂ ಬರೆದುಕೊಳ್ಳಿ. ವಿಜ್ಞಾನ ಮೇಳಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚುವುದಿಲ್ಲ.

ನಮ್ಮ ಶಾಲೆ ಬಂದ ಯಾವ ಮಗುವನ್ನೂ ಹೊರಗೆ ನಿಲ್ಲಿಸಲಿಲ್ಲ. ಅದೇ ಗುಣ ನಮ್ಮ ಲೆಕ್ಕಪತ್ರಗಳಿಗೂ ಬರಲಿ.