ಯಾರನ್ನು ತಳ್ಳಿಹಾಕ್ತು, ತೋರಿಸಿ

ಇಂಜಿನಿಯರಿಂಗ್ ಮುಗಿಸಿ ರೆಸ್ಯೂಮೆ ಹಿಡಿದು ಅಲೆದವನು ನಾನೂ. ಆಗ ಅರ್ಜಿಯನ್ನ ಮನುಷ್ಯರು ಬದಿಗಿಡ್ತಿದ್ರು. ಈಗ ಆ ಕೆಲಸಕ್ಕೂ ಸಾಫ್ಟ್‌ವೇರ್ ಬಂದಿದೆ.

ಅಮೆಜಾನ್ ಕಥೆ ಕೇಳಿ. 2014ರಲ್ಲಿ ಅರ್ಜಿಗಳಿಗೆ ಸ್ಟಾರ್ ಕೊಡುವ ಸಾಫ್ಟ್‌ವೇರ್ ಕಟ್ಟಲು ಹೊರಟರು. ಹಿಂದಿನ 10 ವರ್ಷದ ರೆಸ್ಯೂಮೆಗಳನ್ನು ಕೊಟ್ಟು ಕಲಿಸಿದರು. ಅದರಲ್ಲಿ ಬಹುಪಾಲು ಗಂಡಸರದ್ದೇ. ಯಂತ್ರ ಕಲಿತದ್ದೇನು? 'ಮಹಿಳಾ' ಅನ್ನೋ ಪದ ಕಂಡರೆ ಅಂಕ ಕಟ್! ಮಹಿಳಾ ಚೆಸ್ ಕ್ಲಬ್ಬಿನ ನಾಯಕಿ ಅಂತ ಬರೆದರೂ ಅಷ್ಟೇ. ಎರಡು ಮಹಿಳಾ ಕಾಲೇಜುಗಳಲ್ಲಿ ಓದಿದವರೂ ಕೆಳಕ್ಕೆ. ನಮ್ಮ ಮಹಾರಾಣಿ ಕಾಲೇಜಿನ ಹುಡುಗಿಯನ್ನ ಒಮ್ಮೆ ನೆನೆಸಿಕೊಳ್ಳಿ. ತಿದ್ದಲು ನೋಡಿ, ಕೊನೆಗೆ ಯೋಜನೆಯನ್ನೇ ಕೈಬಿಟ್ಟರು. 2018ರಲ್ಲಿ ರಾಯಿಟರ್ಸ್ ಇದನ್ನು ಬಯಲಿಗೆ ತಂತು. ನೇಮಕಾತಿಗೆ ಅದನ್ನು ಬಳಸಿಯೇ ಇಲ್ಲ ಅಂತ ಕಂಪನಿ ಹೇಳಿತು.

ಪೀಣ್ಯದಲ್ಲಿ ಸಣ್ಣ ಕಾರ್ಖಾನೆ ನಡೆಸುವವರೇ, ಇಂಥದ್ದನ್ನು ಕೊಳ್ಳೋ ಮುಂಚೆ ಡೆಮೊ ನೋಡಿ ಮರುಳಾಗಬೇಡಿ. ನಿಮ್ಮಲ್ಲೇ ಚೆನ್ನಾಗಿ ಕೆಲಸ ಮಾಡ್ತಿರೋ ಹತ್ತು ಜನರ ಹಳೇ ಅರ್ಜಿ, ಹೆಸರು ಅಳಿಸಿ, ಅದಕ್ಕೆ ಹಾಕಿ. ಯಾರನ್ನ ತಳ್ಳಿಹಾಕುತ್ತೆ ನೋಡಿ. ಯಾಕೆ ಅಂತ ಕೇಳಿ. ಮಾರೋಕೆ ಬಂದವರಿಗೆ ಉತ್ತರ ಗೊತ್ತಿಲ್ಲದಿದ್ರೆ, ಕಾಫಿ ಕೊಟ್ಟು ಕಳಿಸಿಬಿಡಿ.